ಕಕ್ಷಿಗಾರನಾಗದ ಒಕ್ಕಲು: ಗಡಿನಾಡಿನ ಗೇಣಿ ಕಥನಗಳ ಒಂದು ಓದು

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕನ್ನಡದಲ್ಲಿ ಎಲ್ಲರ ಬಾಯಲ್ಲೂ ಇದೆ. ವ್ಯಾಜ್ಯದ ವ್ಯರ್ಥತೆಯನ್ನು ಕುರಿತ ಲೋಕಾನುಭವವಾಗಿ ಅದನ್ನು ಉದಾಹರಿಸುವುದು ವಾಡಿಕೆ. ಆದರೆ ಗಾದೆಯಲ್ಲಿ ಬರುವ ಇಬ್ಬರೂ ಕೋರ್ಟಿನ ಒಳಗೇ ಇದ್ದಾರೆ. ಗೆಲ್ಲುವುದಕ್ಕಾಗಲಿ ಸೋಲುವುದಕ್ಕಾಗಲಿ ಮೊದಲು ಕಕ್ಷಿಗಾರನಾಗಬೇಕು. ವಕಾಲತ್ತಿಗೆ ರುಜು ಹಾಕಬೇಕು, ತನ್ನದೆಂದು ಹೇಳಿಕೊಳ್ಳುವ ಒಂದು ಕಾಗದ ಕೈಯಲ್ಲಿರಬೇಕು. ಹಾಗೆ ಒಳಗೆ ಬರಲಾಗದೆ ಹೊರಗೇ ಉಳಿದ ಮೂರನೆಯವನೊಬ್ಬನಿದ್ದಾನೆಂಬುದು ಗಾದೆಗೆ ಗೊತ್ತಿಲ್ಲ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ, ವಿಶೇಷವಾಗಿ ಇಂದಿನ ಕಾಸರಗೋಡಿನ, ಭೂಸಂಬಂಧಗಳನ್ನು ಕುರಿತ ಬರಹಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಈ ಮೂರನೆಯವನ ಗೈರುಹಾಜರಿಯೇ ಅವುಗಳ ಸಾಮಾನ್ಯ ಲಕ್ಷಣವಾಗಿ ಕಾಣುತ್ತದೆ.

ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿರುವುದು ಎರಡು ಕಾದಂಬರಿಗಳು ಮತ್ತು ಎರಡು ತೀರ್ಪುಗಳು. ಶಿವರಾಮ ಕಾರಂತರ 'ಚೋಮನ ದುಡಿ' (1933), ನಿರಂಜನರ 'ಚಿರಸ್ಮರಣೆ' (1955), ಸುಪ್ರೀಂ ಕೋರ್ಟು 1961ರಲ್ಲಿ ಕೊಟ್ಟ ಕರಿಂಬಿಲ್ ಕುಞ್ಞಿಕೋಮನ್ ಪ್ರಕರಣದ ತೀರ್ಪು ಮತ್ತು 1973ರ ಕೇಶವಾನಂದ ಭಾರತಿ ಪ್ರಕರಣದ ತೀರ್ಪು. ಕಾದಂಬರಿಯ ಜೊತೆ ತೀರ್ಪನ್ನು ಓದುವುದು ವಿಮರ್ಶೆಯಲ್ಲಿ ಅಷ್ಟು ರೂಢಿಯಲ್ಲಿಲ್ಲ. ಆದರೆ ನಾಲ್ಕೂ ಪಠ್ಯಗಳ ಬೇರು ಇರುವುದು ಒಂದೇ ಮಣ್ಣಿನಲ್ಲಿ. 1956ರ ನವೆಂಬರ್ 1ರವರೆಗೆ ಪುತ್ತೂರು, ಮಂಗಳೂರು, ಕಾಸರಗೋಡು ಇವೆಲ್ಲ ಮದರಾಸು ಆಡಳಿತದ ಒಂದೇ ಜಿಲ್ಲೆಗೆ ಸೇರಿದ್ದವು. ನಾಲ್ಕರಲ್ಲೂ ಧಣಿ ಮತ್ತು ಒಕ್ಕಲಿನ ಸಂಬಂಧವೇ ಮೂಲ ವಸ್ತು. ನಾಲ್ಕರಲ್ಲಿ ಯಾವುದರಲ್ಲೂ ಒಕ್ಕಲು ತನ್ನ ನೆಲದ ಹಕ್ಕನ್ನು ಕೇಳಿಕೊಂಡು ನ್ಯಾಯಾಲಯದ ಎದುರು ನಿಲ್ಲುವುದಿಲ್ಲ.

ಗೇಣಿ ಚೀಟಿಯ 'ನಾನು'

ಮೊದಲು ಈ ಪ್ರದೇಶದ ಕಾಗದಗಳನ್ನು ಗಮನಿಸಬೇಕು. ದಕ್ಷಿಣ ಕನ್ನಡದಲ್ಲಿ ಸರಕಾರಕ್ಕೆ ನೇರವಾಗಿ ತೀರ್ವೆ ಕಟ್ಟುವ ಹಿಡುವಳಿಗೆ ವರ್ಗವೆಂದು ಹೆಸರು. ಅದರ ಒಡೆಯ ವರ್ಗದಾರ. ಅವನ ಕೆಳಗೆ ಮೂಲಗೇಣಿಯವನು, ವಾಯಿದೆ ಗೇಣಿಯವನು, ಚಾಲಗೇಣಿಯವನು. ಮೂಲಗೇಣಿ ಶಾಶ್ವತವಾದುದು, ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು; ಅದರ ಗೇಣಿಯನ್ನು ಧಣಿ ತನ್ನ ಮನಸ್ಸಿಗೆ ಬಂದಂತೆ ಏರಿಸುವಂತಿಲ್ಲ. ವಾಯಿದೆ ಗೇಣಿಗೆ ಗೊತ್ತಾದ ಅವಧಿಯಿದೆ. ಚಾಲಗೇಣಿ ವರ್ಷದಿಂದ ವರ್ಷಕ್ಕೆ ನಡೆಯುವುದು. ಬೇಸಾಯಗಾರರಲ್ಲಿ ಬಹುಪಾಲಿನವರು ಈ ಮೂರನೆಯ ಬಗೆಯವರು. ತಂದೆಯ ಕಾಲದಿಂದ ಅದೇ ಗದ್ದೆಯನ್ನು ಉತ್ತಿದ್ದರೂ ಕಾಗದದ ಮಟ್ಟಿಗೆ ಅವರ ಬದುಕು ಹನ್ನೆರಡು ತಿಂಗಳದು.

ಚಾಲಗೇಣಿ ಚೀಟಿಯೆಂಬ ದಸ್ತಾವೇಜನ್ನು ಒಕ್ಕಲು ಧಣಿಗೆ ಬರೆದುಕೊಡುತ್ತಾನೆ. ಅಂದರೆ ಅದರ ನಿರೂಪಣೆ ಉತ್ತಮ ಪುರುಷದಲ್ಲಿರುತ್ತದೆ. ಇಂಥ ಧಣಿಗಳಿಗೆ ಇಂಥವನ ಮಗ ಇಂಥವನು ಬರೆಸಿಕೊಟ್ಟ ಚೀಟಿ ಎಂದು ಆರಂಭವಾಗಿ, ಸ್ಥಳದ ಚೆಕ್ಕುಬಂದಿ, ಕೊಡಬೇಕಾದ ಅಕ್ಕಿಯ ಮುಡಿಗಳ ಲೆಕ್ಕ, ಕೊಡತಕ್ಕ ಕಾಲ, ತಪ್ಪಿದರೆ ಬಡ್ಡಿ, ಕೇಳಿದಾಗ ಸ್ಥಳ ಬಿಟ್ಟುಕೊಡುವ ಒಪ್ಪಿಗೆ ಇವಿಷ್ಟೂ ಒಕ್ಕಲಿನ ಮಾತಾಗಿ ಬರುತ್ತವೆ. ಬರೆಯುವ ಕೈ ಶ್ಯಾನುಭೋಗನದು ಅಥವಾ ಧಣಿಯ ಗುಮಾಸ್ತನದು. ಬರೆಯುವ ಭಾಷೆ ಕನ್ನಡ. ಬರೆಸಿಕೊಟ್ಟವನ ಮನೆಮಾತು ತುಳುವಾಗಿರಬಹುದು, ಮಲಯಾಳವಾಗಿರಬಹುದು, ಮರಾಠಿಯಾಗಿರಬಹುದು. ಕನ್ನಡವೇ ಆಗಿದ್ದರೂ ಅಕ್ಷರ ತಿಳಿಯದಿದ್ದರೆ ವ್ಯತ್ಯಾಸವೇನೂ ಇಲ್ಲ. ಕೊನೆಯಲ್ಲಿರುವ ಹೆಬ್ಬೆಟ್ಟಿನ ಗುರುತು ಮಾತ್ರ ಅವನದು.

ಈ 'ನಾನು' ಗಡಿನಾಡಿನ ಸಾಹಿತ್ಯ ಚರಿತ್ರೆಯಲ್ಲಿ ಉಪೇಕ್ಷಿತವಾದ ಒಂದು ನಿರೂಪಣಾ ಕೇಂದ್ರ. ಕನ್ನಡದಲ್ಲಿ ದಲಿತ, ಕೃಷಿಕ ಆತ್ಮಕಥನಗಳು ಬರುವುದಕ್ಕೆ ಬಹಳ ಮೊದಲೇ ಇಲ್ಲಿನ ಉಳುವವನು ಸಾವಿರಾರು ಚೀಟಿಗಳಲ್ಲಿ ನಾನೆಂದು ಮಾತನಾಡಿದ್ದಾನೆ, ಆದರೆ ಅದರಲ್ಲಿ ಒಂದು ಮಾತೂ ಅವನದಲ್ಲ. ಧಣಿಯ ಕಾನೂನುಬಲ ಇದ್ದುದು ಇಲ್ಲಿ. ಒಕ್ಕಲನ್ನು ಎಬ್ಬಿಸಬೇಕಾಗಿ ಬಂದಾಗ ಹೊಸ ಸಾಕ್ಷ್ಯವೇನನ್ನೂ ಒದಗಿಸಬೇಕಾಗಿರಲಿಲ್ಲ. ವಕೀಲರ ಮೂಲಕ ನೋಟೀಸು, ಬಾಕಿ ಗೇಣಿಗೂ ಸ್ವಾಧೀನಕ್ಕೂ ಮುನ್ಸೀಫ್ ಕೋರ್ಟಿನಲ್ಲಿ ದಾವೆ, ಆಧಾರಕ್ಕೆ ಒಕ್ಕಲೇ ಬರೆದುಕೊಟ್ಟ ಚೀಟಿ. ಅಳೆದು ಕೊಟ್ಟ ಅಕ್ಕಿಗೆ ರಶೀದಿ ಇರುತ್ತಿದ್ದುದು ಅಪರೂಪ. ಪ್ರತಿವಾದಿ ಗೈರುಹಾಜರಾದರೆ ಏಕಪಕ್ಷೀಯ ಡಿಕ್ರಿ, ಆಮೇಲೆ ಅಮೀನನ ಕೈಯಿಂದ ಜಾರಿ. ಯಾರೂ ಗದರಿಸದೆ, ಯಾರೂ ಕೈಯೆತ್ತದೆ ಒಂದು ಸಂಸಾರ ಗದ್ದೆಯಿಂದ ಹೊರಗಾಗುತ್ತಿತ್ತು.

ಇದಕ್ಕೆ ಪ್ರತಿಯಾಗಿ ಜನರ ಭಾಷೆಯಲ್ಲೇ ನಡೆಯುವ ಇನ್ನೊಂದು ನ್ಯಾಯಸ್ಥಾನ ಈ ನಾಡಿನಲ್ಲಿತ್ತು, ಇಂದಿಗೂ ಇದೆ. ಕಾಸರಗೋಡಿನ ಕಾನತ್ತೂರು ನಾಲ್ವರ್ ದೈವಸ್ಥಾನಕ್ಕೆ ಸಾಲದ, ಜಾಗದ ತಕರಾರುಗಳನ್ನು ಒಯ್ಯುವುದು ತುಳುನಾಡಿನ ಉದ್ದಗಲಕ್ಕೂ ಪ್ರಸಿದ್ಧ. ಅಲ್ಲಿ ಕಾಗದಕ್ಕಿಂತ ಮಾತು ದೊಡ್ಡದು, ಪ್ರಮಾಣ ದೊಡ್ಡದು. ಆದರೆ ಇದನ್ನು ಒಕ್ಕಲಿನ ಕೋರ್ಟೆಂದು ಕೊಂಡಾಡುವುದು ಅವಸರದ ಮಾತಾದೀತು. ದೈವಸ್ಥಾನಗಳ ಆಡಳಿತವೂ ಬಹುಮಟ್ಟಿಗೆ ಭೂಮಿಯಿದ್ದ ಮನೆತನಗಳ ಕೈಯಲ್ಲೇ ಇತ್ತು. ಒಕ್ಕಲಿಗೆ ಅಲ್ಲಿ ಭಾಷೆ ದೊರೆಯಿತು. ಅಧಿಕಾರದ ಸಮತೆ ದೊರೆಯಿತೆಂದು ಹೇಳಲಾಗದು.

ಚೋಮ: ಚೀಟಿಗೂ ಅರ್ಹನಲ್ಲದವನು

'ಚೋಮನ ದುಡಿ'ಯನ್ನು ಕನ್ನಡ ವಿಮರ್ಶೆ ಅಸ್ಪೃಶ್ಯತೆಯ ದುರಂತವಾಗಿ, ಕಲೆಯಾಗಿ ಮಾರ್ಪಟ್ಟ ಆಕ್ರೋಶದ ಕಥೆಯಾಗಿ ಬಹಳ ಸೂಕ್ಷ್ಮವಾಗಿ ಓದಿದೆ. ದುಡಿಯ ಸದ್ದಿನ ಸಾಂಕೇತಿಕತೆಯನ್ನು ಕುರಿತು ಬಂದಿರುವ ಬರಹ ಕಡಿಮೆಯಿಲ್ಲ. ಕಾನೂನಿನ ಕಣ್ಣಿನಿಂದ ನೋಡಿದರೆ ಅದೇ ಕಥೆಯ ಮೂಲಪ್ರಶ್ನೆ ತೀರ ಸರಳವಾದುದು. ಚೋಮನಿಗೆ ಬೇಕಾಗಿರುವುದು ಒಂದು ಚಾಲಗೇಣಿ. ಅವನು ಒಡೆತನವನ್ನು ಕೇಳುತ್ತಿಲ್ಲ, ಮೂಲಗೇಣಿಯನ್ನೂ ಕೇಳುತ್ತಿಲ್ಲ. ಗೇಣಿ ಕೊಟ್ಟು ಉಳುವ ಒಂದಿಷ್ಟು ನೆಲ, ಅಷ್ಟೆ. ಎತ್ತುಗಳು ಅವನ ಬಳಿ ಇವೆ; ದುಡಿಯುವ ತೋಳುಗಳು ಮನೆಯಲ್ಲಿವೆ. ಇಲ್ಲದಿರುವುದು ಒಕ್ಕಲೆನ್ನಿಸಿಕೊಳ್ಳುವ ಅರ್ಹತೆ.

ಸಂಕಪ್ಪಯ್ಯನೆಂಬ ಧಣಿಯ ಪಾತ್ರ ಈ ದೃಷ್ಟಿಯಿಂದ ಮುಖ್ಯ. ಕಾರಂತರು ಅವನನ್ನು ಕ್ರೂರಿಯಾಗಿ ಚಿತ್ರಿಸಲಿಲ್ಲ. ಚೋಮನ ಬೇಡಿಕೆಗೆ ಅವನ ಮನಸ್ಸು ಒಮ್ಮೆ ಓಲುತ್ತದೆ ಕೂಡ. ತಡೆಯಾಗಿ ನಿಲ್ಲುವುದು ಅವನ ತಾಯಿಯ ಮಾತು, ಅಂದರೆ ಮನೆಯೊಳಗಿನ ಸಂಪ್ರದಾಯದ ನಿಷೇಧ. ಇಡೀ ತಕರಾರು ಮನೆಯ ಜಗಲಿಯಲ್ಲೇ ಹುಟ್ಟಿ ಜಗಲಿಯಲ್ಲೇ ಇತ್ಯರ್ಥವಾಗುತ್ತದೆ. ಮೂಲದಾಳಾಗಿ ಹುಟ್ಟಿದವನಿಗೂ ಧಣಿಗೂ ನಡುವೆ ವ್ಯಾಜ್ಯವೆಂಬುದೇ ಸಾಧ್ಯವಿಲ್ಲ, ಏಕೆಂದರೆ ವ್ಯಾಜ್ಯಕ್ಕೆ ಕನಿಷ್ಠ ಒಂದು ಒಪ್ಪಂದ ಬೇಕು. ಗೇಣಿ ಚೀಟಿಯ ಆ ಸುಳ್ಳು 'ನಾನು' ಕೂಡ ಚೋಮನಿಗೆ ನಿಷಿದ್ಧ. ಚೀಟಿ ಬರೆದುಕೊಟ್ಟ ಒಕ್ಕಲು ಕಾನೂನಿನ ಎದುರು ಸೋಲುತ್ತಾನೆ. ಚೋಮ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ.

ಕಾದಂಬರಿಯಲ್ಲಿ ಚೋಮನ ಹೆಸರು ದಾಖಲಾಗಿರುವ ಕಾಗದ ಯಾವುದಾದರೂ ಇದ್ದರೆ ಅದು ಕಾಫಿ ತೋಟದ ಸಾಲದ ಲೆಕ್ಕ. ಆ ಲೆಕ್ಕವನ್ನು ತೀರಿಸುವುದಕ್ಕೆ ಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಜ್ವರದಿಂದ ಸಾಯುತ್ತಾನೆ, ಇನ್ನೊಬ್ಬ ಮತಾಂತರವಾಗಿ ದೂರವಾಗುತ್ತಾನೆ. ಕೊನೆಗೆ ಸಾಲ ಚುಕ್ತಾ ಆಗುವುದು ಬೆಳ್ಳಿಯ ಮೇಲೆ ಮನ್ವೇಲ ಸಾಧಿಸಿಕೊಂಡ ಅಧಿಕಾರದ ಬೆಲೆಯಾಗಿ. ಲೆಕ್ಕ ಬರೆಯುವವನೇ ಲೆಕ್ಕ ಹೊಡೆದುಹಾಕಬಲ್ಲ. ಕಾಗದದ ಅಧಿಕಾರವನ್ನು ಕಾರಂತರು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಈ ಒಂದು ಪ್ರಸಂಗ ಸಾಕು. ಧಣಿಯ ಜಗಲಿಗಿಂತ ತೋಟದ ಪುಸ್ತಕ ಹೆಚ್ಚು ಆಧುನಿಕ. ಚೋಮನ ಸಂಸಾರವನ್ನು ಒಡೆಯುವುದರಲ್ಲಿ ಹೆಚ್ಚು ಸಮರ್ಥವೂ ಹೌದು. ಈ ಎರಡನ್ನೂ ಜೊತೆಗಿಟ್ಟು ತೋರಿಸಿರುವುದು ಕಾದಂಬರಿಯ ನಿಜವಾದ ಸಾಧನೆ. ಜಾತಿಯ ನಿಷೇಧವನ್ನಷ್ಟೇ ಎತ್ತಿ ಹೇಳುವ ಓದುಗಳು ಇದರ ಅರ್ಧವನ್ನು ಕಳೆದುಕೊಳ್ಳುತ್ತವೆ.

ಕಯ್ಯೂರು: ಸಿವಿಲ್ ಪ್ರಶ್ನೆಗೆ ಕ್ರಿಮಿನಲ್ ಉತ್ತರ

ಚೋಮನ ಕಥೆಯಿಂದ ಕಯ್ಯೂರಿನ ಕಥೆಗೆ ಬಂದರೆ ಚಂದ್ರಗಿರಿ ಹೊಳೆಯನ್ನು ದಾಟಿ ಮಲಯಾಳದ ಸೀಮೆಗೆ ಬಂದಂತಾಯಿತು. ನೆಲದ ಪರಿಭಾಷೆಯೂ ಬದಲಾಗುತ್ತದೆ. ಗೇಣಿಯ ಜಾಗದಲ್ಲಿ ಪಾಟ್ಟ, ಧಣಿಯ ಜಾಗದಲ್ಲಿ ಜನ್ಮಿ. ವಾಶಿ, ನುರಿ ಮೊದಲಾದ ಹೆಚ್ಚುವರಿ ವಸೂಲಿಗಳ ವಿರುದ್ಧ ರೈತಸಂಘ ಬೆಳೆದದ್ದು 1930ರ ದಶಕದ ಕೊನೆಯಲ್ಲಿ. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಗೆ ಸಿಕ್ಕಿಕೊಂಡ ಪೊಲೀಸನೊಬ್ಬ ಹೊಳೆಗೆ ಹಾರಿ ಸತ್ತ. ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆ ನಡೆದು, ಮದರಾಸು ಹೈಕೋರ್ಟು ಶಿಕ್ಷೆಯನ್ನು ಖಾಯಂಗೊಳಿಸಿ, 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಅಪ್ಪು, ಚಿರುಕಂಡ, ಕುಞ್ಞಂಬು, ಅಬೂಬಕ್ಕರ್ ಎಂಬ ನಾಲ್ವರನ್ನು ಗಲ್ಲಿಗೇರಿಸಲಾಯಿತು. ನೀಲೇಶ್ವರದಲ್ಲಿ ಓದಿದ ನಿರಂಜನರಿಗೆ ಈ ಊರುಗಳೂ ಈ ಜನರೂ ಹತ್ತಿರದವರು. ಅವರು ಮಗಳಿಗೆ ಇಟ್ಟ ಹೆಸರು ಕಯ್ಯೂರಿನ ಹೊಳೆಯದೇ.

'ಚಿರಸ್ಮರಣೆ' ಪ್ರಗತಿಶೀಲ ಕಾದಂಬರಿಗಳಲ್ಲಿ ಅಗ್ರಗಣ್ಯವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹುಡುಗರಿಬ್ಬರು ಮಾಸ್ತರರ ಮೂಲಕ ಲೋಕವನ್ನು ಅರಿಯುತ್ತ ಬೆಳೆಯುವ ಕ್ರಮ, ಹಳ್ಳಿಯೊಂದು ತನ್ನ ಶಕ್ತಿಯನ್ನು ತಾನೇ ಕಂಡುಕೊಳ್ಳುವ ಕ್ರಮ, ಭಾವಾತಿರೇಕಕ್ಕೆ ಎಡೆಗೊಡದ ಕೊನೆಯ ಭಾಗ, ಇವು ಇಂದಿಗೂ ಓದುಗರನ್ನು ಹಿಡಿದು ನಿಲ್ಲಿಸುತ್ತವೆ. ಇಲ್ಲಿ ನ್ಯಾಯಾಲಯ ಕಥೆಯ ಮುನ್ನೆಲೆಗೆ ಬರುವುದು ಕೊಲೆ ಮೊಕದ್ದಮೆಯ ರೂಪದಲ್ಲಿ. ಸಾಲ, ಬಾಕಿ, ಒಕ್ಕಲೆಬ್ಬಿಸುವಿಕೆ ಮೊದಲಾದ ಸಿವಿಲ್ ಸಂಗತಿಗಳು ಆಕ್ರೋಶದ ಕಾರಣಗಳಾಗಿ ಹಿನ್ನೆಲೆಯಲ್ಲಿ ನಿಲ್ಲುತ್ತವೆ. ನೆಲದ ಪ್ರಶ್ನೆಯನ್ನು ಎತ್ತಿದವರು ಕಟಕಟೆಗೆ ಬಂದು ನಿಂತಾಗ ಅಲ್ಲಿ ವಿಚಾರಣೆಗೆ ಬರುವುದು ನೆಲದ ಪ್ರಶ್ನೆಯಲ್ಲ, ಒಬ್ಬ ಪೊಲೀಸನ ಸಾವು.

ಇದು ಕಾದಂಬರಿಕಾರರ ದೋಷವಲ್ಲ. ಚರಿತ್ರೆಯೇ ಹಾಗೆ ನಡೆಯಿತು. ಜನ್ಮಿಗೂ ಒಕ್ಕಲಿಗೂ ನಡುವಿನ ತಕರಾರು ಸರಕಾರಕ್ಕೂ ಆರೋಪಿಗೂ ನಡುವಿನ ಮೊಕದ್ದಮೆಯಾಗಿ ಮಾರ್ಪಟ್ಟ ಕೂಡಲೇ ಜನ್ಮಿ ಕಕ್ಷಿಯಾಗಿ ಉಳಿಯಲಿಲ್ಲ. ನಿರಂಜನರು ಈ ರೂಪಾಂತರವನ್ನು ಕಂಡಿದ್ದರು, ಆದರೆ ಹುತಾತ್ಮತೆಯ ಕಥನಕ್ಕೆ ಇರುವ ಸೆಳೆತ ದೊಡ್ಡದು. ಗಲ್ಲುಗಂಬದ ಬೆಳಕಿನಲ್ಲಿ ಮುನ್ಸೀಫ್ ಕೋರ್ಟಿನ ಮಬ್ಬು ಕಾಣಿಸುವುದಿಲ್ಲ. ಕಯ್ಯೂರಿನಲ್ಲಿ ನಾಲ್ವರು ಗಲ್ಲಿಗೇರಿದ್ದು ಚಿರಸ್ಮರಣೀಯವಾಯಿತು. ಡಿಕ್ರಿಯ ಜಾರಿಯಿಂದ ಗದ್ದೆ ಬಿಟ್ಟವರ ಹೆಸರುಗಳು ದಫ್ತರಗಳಲ್ಲಿ ಉಳಿದವು. ಮೊದಲನೆಯದನ್ನು ಬರೆಯಲು ಕನ್ನಡಕ್ಕೆ ಒಬ್ಬ ನಿರಂಜನರು ದೊರೆತರು. ಎರಡನೆಯದನ್ನು ಬರೆಯಲು ಬೇಕಾದ ನಿಧಾನದ, ದಿನಚರಿಯಂಥ ಗದ್ಯ ಇನ್ನೂ ಮೂಡಬೇಕಾಗಿದೆ.

ಭಾಷೆಯ ಮಾತೂ ಇದೆ. ಕಯ್ಯೂರಿನ ಆರೋಪಿಗಳು ಮಲಯಾಳಿಗಳು. ಕೋರ್ಟಿನ ಕಲಾಪದ ಭಾಷೆ ಇಂಗ್ಲಿಷು, ಕೋರ್ಟು ಇದ್ದ ಊರಿನ ಭಾಷೆ ತುಳು ಮತ್ತು ಕನ್ನಡ. ಅವರ ಮಾತನ್ನು ನಿರಂಜನರು ಕನ್ನಡಕ್ಕೆ ತಂದರು. ಅಂದರೆ 'ಚಿರಸ್ಮರಣೆ' ಮೂಲದಲ್ಲೇ ಒಂದು ಅನುವಾದ. ಗೇಣಿ ಚೀಟಿಯೂ ಇಂಥದೇ ಒಂದು ಅನುವಾದವಾಗಿತ್ತು. ಒಂದು ಒಕ್ಕಲಿನ ಮಾತನ್ನು ಅವನ ವಿರುದ್ಧ ಕನ್ನಡಕ್ಕೆ ತಂದಿತು, ಇನ್ನೊಂದು ಅವನ ಪರವಾಗಿ ತಂದಿತು. ಒಂದೇ ಜಿಲ್ಲೆಯಲ್ಲಿ ಕನ್ನಡ ಈ ಎರಡೂ ಕೆಲಸಗಳನ್ನು ಮಾಡಿತೆಂಬುದನ್ನು ಮರೆಯಬಾರದು.

ಕಾಸರಗೋಡಿನಿಂದ ದೆಹಲಿಗೆ: ಎರಡು ತೀರ್ಪುಗಳು

'ಚಿರಸ್ಮರಣೆ' ಬಂದ ಮರುವರ್ಷವೇ ಕಾಸರಗೋಡು ಕೇರಳಕ್ಕೆ ಸೇರಿತು. ಮೇಲ್ಮನವಿಯ ದಾರಿ ಮಂಗಳೂರು, ಮದರಾಸುಗಳನ್ನು ಬಿಟ್ಟು ಎರ್ನಾಕುಳಂ ಕಡೆಗೆ ತಿರುಗಿತು. 1957ರ ಏಪ್ರಿಲಿನಲ್ಲಿ ಅಧಿಕಾರಕ್ಕೆ ಬಂದ ಇ.ಎಂ.ಎಸ್. ನಂಬೂದಿರಿಪಾಡರ ಸರಕಾರ ಒಂದು ವಾರದೊಳಗೆ ಒಕ್ಕಲೆಬ್ಬಿಸುವ ಕಲಾಪಗಳಿಗೆ ತಡೆಯೊಡ್ಡುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ನೋಟೀಸು, ದಾವೆ, ಡಿಕ್ರಿ, ಜಾರಿ ಎಂಬ ಸರಪಳಿ ತುಂಡಾಯಿತು. ಅದರ ಹಿಂದೆ ಬಂದ ಕೃಷಿ ಸಂಬಂಧಗಳ ಮಸೂದೆ ಹಲವು ಅಡೆತಡೆಗಳನ್ನು ದಾಟಿ 1961ರಲ್ಲಿ ಕಾಯಿದೆಯಾಯಿತು. ಅದನ್ನು ಪ್ರಶ್ನಿಸಿ ಹೊಸದುರ್ಗ ಮತ್ತು ಕಾಸರಗೋಡು ತಾಲೂಕುಗಳ ಭೂಮಾಲಕರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಕರಿಂಬಿಲ್ ಕುಞ್ಞಿಕೋಮನ್ ಪ್ರಕರಣವೆಂದು ಪ್ರಸಿದ್ಧವಾಗಿರುವುದು ಇದೇ.

1961ರ ಡಿಸೆಂಬರಿನಲ್ಲಿ ಬಂದ ತೀರ್ಪು ಧಣಿಗಳ ಪರವಾಗಿತ್ತು. ಮದರಾಸಿನಿಂದ ಕೇರಳಕ್ಕೆ ಬಂದ ಈ ರೈತವಾರಿ ಭೂಮಿ ಸಂವಿಧಾನದ 31ಎ ವಿಧಿಯ ಅರ್ಥದಲ್ಲಿ 'ಎಸ್ಟೇಟ್' ಅಲ್ಲ, ಆದ್ದರಿಂದ ಆ ವಿಧಿಯ ರಕ್ಷಣೆ ಕಾಯಿದೆಗೆ ಇಲ್ಲ ಎಂದು ನ್ಯಾಯಾಲಯ ಹೇಳಿತು. ಚಹಾ, ಕಾಫಿ, ರಬ್ಬರು ತೋಟಗಳಿಗೆ ಕೊಟ್ಟ ವಿನಾಯಿತಿಯನ್ನು ಅಡಕೆ, ಕಾಳುಮೆಣಸಿನ ತೋಟಗಳಿಗೆ ಕೊಡದಿರುವುದು ತಾರತಮ್ಯವೆಂದಿತು. ಕಾಯಿದೆಯಲ್ಲಿನ ಕುಟುಂಬದ ವ್ಯಾಖ್ಯೆ ಈ ನಾಡಿನಲ್ಲಿ ನಿಜವಾಗಿ ಇರುವ ಕುಟುಂಬ ಪದ್ಧತಿಗಳಿಗೆ, ಅಂದರೆ ಅವಿಭಕ್ತ ಹಿಂದೂ ಕುಟುಂಬ, ಮರುಮಕ್ಕತ್ತಾಯ, ಅಳಿಯಸಂತಾನ ಇವುಗಳಿಗೆ, ಹೊಂದದ ಕೃತಕ ಕಲ್ಪನೆಯೆಂದಿತು.

ಸಾಹಿತ್ಯದ ವಿದ್ಯಾರ್ಥಿಗೆ ಈ ತೀರ್ಪಿನಲ್ಲಿ ಕುತೂಹಲಕರವಾದುದು ಅದರ ಸ್ಥಳೀಯತೆ. ಅಡಕೆಯ ತೋಟ, ಮೆಣಸಿನ ಬಳ್ಳಿ, ಅಳಿಯಸಂತಾನ ಇವೆಲ್ಲ ದೆಹಲಿಯ ಇಂಗ್ಲಿಷಿನಲ್ಲಿ ಸ್ಥಾನ ಪಡೆದವು. ಧಣಿಗಳು ತಮ್ಮ ಲೋಕವನ್ನು ವಿವರವಾಗಿ, ಪ್ರಾದೇಶಿಕ ಬಣ್ಣದೊಡನೆ ನ್ಯಾಯಾಲಯದ ಎದುರು ಇಡಬಲ್ಲವರಾಗಿದ್ದರು. ಕಾದಂಬರಿಕಾರ ಮಾಡುವ ಕೆಲಸವೂ ಇದೇ. ಅದೇ ಲೋಕದಲ್ಲಿ ಬದುಕಿದ ಒಕ್ಕಲು ಆ ಪಠ್ಯದಲ್ಲಿ ಕಾಯಿದೆಯ ಉದ್ದೇಶವಾಗಿ ಮಾತ್ರ ಸುಳಿಯುತ್ತಾನೆ. ಮೊಕದ್ದಮೆ ನಡೆದದ್ದು ಧಣಿಗೂ ಕೇರಳ ರಾಜ್ಯಕ್ಕೂ ನಡುವೆ. ಒಕ್ಕಲಿನ ಪರವಾಗಿ ರಾಜ್ಯ ಮಾತನಾಡಿತೆಂದು ಹೇಳಬಹುದು. ಹಿಂದೆ ಗೇಣಿ ಚೀಟಿಯಲ್ಲಿ ಶ್ಯಾನುಭೋಗ ಅವನಿಗಾಗಿ ಬರೆದ, ಈಗ ಸರಕಾರಿ ವಕೀಲರು ಅವನಿಗಾಗಿ ವಾದಿಸಿದರು. ಉದ್ದೇಶ ಬೇರೆ, ಅವನ ಮೌನ ಮಾತ್ರ ಹಾಗೆಯೇ ಉಳಿಯಿತು.

ಈ ತೀರ್ಪಿನ ಪರಿಣಾಮವನ್ನು ದಾಟಲು ಸಂಸತ್ತು 1964ರಲ್ಲಿ ಸಂವಿಧಾನದ 17ನೆಯ ತಿದ್ದುಪಡಿಯನ್ನು ತಂದು ರೈತವಾರಿ ಭೂಮಿಯನ್ನೂ 'ಎಸ್ಟೇಟ್' ಎಂಬ ಪದದ ವ್ಯಾಪ್ತಿಗೆ ಸೇರಿಸಿತು. ಕೇರಳದ 1963ರ ಭೂಸುಧಾರಣಾ ಕಾಯಿದೆ ಒಂಬತ್ತನೆಯ ಅನುಸೂಚಿಗೆ ಸೇರಿತು. 1969ರ ತಿದ್ದುಪಡಿಯ ಬಲದಿಂದ 1970ರ ಜನವರಿ 1ರಂದು ಗೇಣಿಯ ಭೂಮಿಯ ಮೇಲಿನ ಧಣಿಯ ಹಕ್ಕು ಸರಕಾರಕ್ಕೆ ಸೇರಿತು. ಅದೇ ವರ್ಷ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಿದರು. ಹದಿಮೂರು ನ್ಯಾಯಮೂರ್ತಿಗಳ ಪೀಠ 68 ದಿನ ವಾದವನ್ನು ಆಲಿಸಿ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸಲಾರದೆಂಬ ಸಿದ್ಧಾಂತ ಅಲ್ಲಿಂದ ಹುಟ್ಟಿತು. ಕೇರಳದ ಭೂಸುಧಾರಣೆಯ ತಿದ್ದುಪಡಿ ಕಾಯಿದೆಗಳನ್ನು ಒಂಬತ್ತನೆಯ ಅನುಸೂಚಿಗೆ ಸೇರಿಸಿದ್ದ 29ನೆಯ ತಿದ್ದುಪಡಿ ಊರ್ಜಿತವಾಯಿತು. ದೇಶಕ್ಕೆ ಒಂದು ದೊಡ್ಡ ತತ್ತ್ವ ದೊರೆಯಿತು. ಮಠಕ್ಕೆ ಭೂಮಿ ದೊರೆಯಲಿಲ್ಲ.

ಯಕ್ಷಗಾನಕ್ಕೂ ಕನ್ನಡ ಶಿಕ್ಷಣಕ್ಕೂ ಆಶ್ರಯವಾದ ಮಠದ ಹೆಸರು ಸಂವಿಧಾನದ ಪಾಠಗಳಲ್ಲಿ ಶಾಶ್ವತವಾಗಿರುವುದರ ಬಗ್ಗೆ ಕಾಸರಗೋಡಿನ ಕನ್ನಡಿಗರಿಗೆ ಇರುವ ಹೆಮ್ಮೆ ಸಹಜವಾದುದೇ. ಆದರೆ ಪಠ್ಯವಾಗಿ ನೋಡಿದರೆ ಈ ತೀರ್ಪು ಕುಞ್ಞಿಕೋಮನ್ ತೀರ್ಪಿಗೆ ತದ್ವಿರುದ್ಧ. ಅಲ್ಲಿದ್ದ ಅಡಕೆ, ಮೆಣಸು, ಅಳಿಯಸಂತಾನಗಳು ಇಲ್ಲಿ ಮಾಯವಾಗಿವೆ. ಚರ್ಚೆ ಪೂರ್ತಿಯಾಗಿ ಸಂಸತ್ತಿನ ತಿದ್ದುಪಡಿ ಅಧಿಕಾರದ ಸುತ್ತ ನಡೆಯುತ್ತದೆ. ಸ್ವಾಮಿಗಳೂ ಅವರ ಪರವಾಗಿ ವಾದಿಸಿದ ನಾನಿ ಪಾಲ್ಖೀವಾಲಾ ಅವರೂ ಎಂದೂ ಮುಖತಃ ಭೇಟಿಯಾಗಲಿಲ್ಲವೆಂದು ಹೇಳುವುದುಂಟು. ಹಿಂದಿನ ಮೂರು ಪಠ್ಯಗಳಲ್ಲಿ ಒಕ್ಕಲಷ್ಟೇ ಗೈರುಹಾಜರಾಗಿದ್ದ. ನಾಲ್ಕನೆಯದಕ್ಕೆ ಬರುವಾಗ ಧಣಿಯೂ ತನ್ನ ಮೊಕದ್ದಮೆಯಿಂದ ಮರೆಯಾದ. ಉಳಿದದ್ದು ಹೆಸರೊಂದೇ.

ಎರಡು ನಷ್ಟಗಳ ಕಲಸುಮೇಲೋಗರ

ಧಣಿಯ ಪಾತ್ರವನ್ನು ಒಂದೇ ಬಣ್ಣದಲ್ಲಿ ಬಳಿಯುವುದು ನ್ಯಾಯವಲ್ಲವೆಂಬ ಆಕ್ಷೇಪ ಇಲ್ಲಿ ಬರುವುದು ಸಹಜ. ವರ್ಗದಾರರೆಲ್ಲ ದೊಡ್ಡ ಭೂಮಾಲಕರಾಗಿರಲಿಲ್ಲ. ಒಂದೆರಡು ಎಕರೆ ಗದ್ದೆಯನ್ನು ಗೇಣಿಗೆ ಕೊಟ್ಟು ಅದರ ಅಕ್ಕಿಯಿಂದಲೇ ದಿನ ದೂಡುತ್ತಿದ್ದ ವಿಧವೆಯರಿದ್ದರು, ಅರ್ಚಕರಿದ್ದರು. 1970ರ ಬಳಿಕ ಅವರ ಪಾಲಿಗೆ ಕಾಯಿದೆ ಕಠೋರವಾಗಿಯೇ ಬಂತು. ಈ ಆಕ್ಷೇಪ ಸತ್ಯ. ಅದನ್ನು ಒಪ್ಪಿಕೊಳ್ಳದ ಭೂಚರಿತ್ರೆ ಅಪೂರ್ಣ. ಆದರೆ ಅದರ ಜೊತೆ ಇನ್ನೊಂದು ಮಾತನ್ನೂ ಬೇರ್ಪಡಿಸಿ ನೋಡಬೇಕಾಗಿದೆ. ಕಾಸರಗೋಡಿನ ಕನ್ನಡ ಮನೆಗಳ ನೆನಪಿನಲ್ಲಿ 1956 ಮತ್ತು 1970 ಒಂದಕ್ಕೊಂದು ಅಂಟಿಕೊಂಡಿವೆ. ಹದಿನಾಲ್ಕು ವರ್ಷಗಳ ಅಂತರದಲ್ಲಿ ಮೊದಲು ಆಡಳಿತದ ಭಾಷೆ ಹೋಯಿತು, ಆಮೇಲೆ ಗೇಣಿಯ ಭೂಮಿ ಹೋಯಿತು. ಎರಡನ್ನೂ ಒಂದೇ ಅನ್ಯಾಯದ ಎರಡು ಕಂತುಗಳಂತೆ ಹೇಳುವ ರೂಢಿ ಬೆಳೆದಿದೆ.

ವಿಮರ್ಶೆ ಇಲ್ಲಿ ಎಚ್ಚರವಹಿಸಬೇಕು. ಭಾಷೆಯನ್ನು ಕಳೆದುಕೊಂಡವರು ಕಾಸರಗೋಡಿನ ಕನ್ನಡಿಗರೆಲ್ಲರೂ, ಅವರಲ್ಲಿ ಒಕ್ಕಲುಗಳೂ ಸೇರಿದ್ದಾರೆ. ಭೂಮಿ ಕಳೆದುಕೊಂಡವರು ಅವರಲ್ಲಿ ಕೆಲವರು. ಭೂನ್ಯಾಯಮಂಡಳಿಯಿಂದ ಪಟ್ಟೆ ಪಡೆದ ಒಕ್ಕಲುಗಳಲ್ಲಿ ಕನ್ನಡ, ತುಳು ಮಾತಾಡುವವರ ಸಂಖ್ಯೆ ಸಣ್ಣದಲ್ಲ. ಅವರ ಪಾಲಿಗೆ 1956 ನಷ್ಟದ ವರ್ಷವಾದರೆ 1970 ಲಾಭದ ವರ್ಷ. ಈ ಇಬ್ಬಂದಿಯ ಅನುಭವ, ಅಂದರೆ ಅರ್ಥವಾಗದ ಭಾಷೆಯ ಸರಕಾರದಿಂದಲೇ ತನ್ನ ನೆಲ ತನಗೆ ದೊರೆತ ಅನುಭವ, ಗಡಿನಾಡಿನ ಕನ್ನಡ ಸಾಹಿತ್ಯ ಬರೆಯಬೇಕಾಗಿರುವ ದೊಡ್ಡ ವಸ್ತು.

ಚೋಮನಿಗೆ ಏನಾಗುತ್ತಿತ್ತೆಂಬ ಪ್ರಶ್ನೆಯನ್ನೂ ಕೇಳಬೇಕು. ಅವನು ಗಡಿಯ ಈಚೆಗಿದ್ದು 1970ರವರೆಗೆ ಬದುಕಿದ್ದರೆ ಅವನಿಗೆ ಗದ್ದೆ ದೊರೆಯುತ್ತಿರಲಿಲ್ಲ, ಏಕೆಂದರೆ ಅವನು ಒಕ್ಕಲಲ್ಲ. ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವನೆಂಬ ನೆಲೆಯಲ್ಲಿ, ಕುಡಿಕಿಡಪ್ಪಿನ ಹಕ್ಕಿನಿಂದ, ಪಂಚಾಯತು ಪ್ರದೇಶದಲ್ಲಿ ಹೆಚ್ಚೆಂದರೆ ಹತ್ತು ಸೆಂಟು ಸ್ಥಳ ಅವನದಾಗುತ್ತಿತ್ತು. ಗುಡಿಸಲು ಉಳಿಯುತ್ತಿತ್ತು, ಎತ್ತುಗಳಿಗೆ ಉಳಲು ನೆಲವಿರುತ್ತಿರಲಿಲ್ಲ. ಉಳುವವನಿಗೆ ಭೂಮಿ ಎಂಬ ಘೋಷಣೆಯಲ್ಲಿ ಉಳುವವನು ಯಾರೆಂಬುದನ್ನು ಮತ್ತೆ ಕಾಗದವೇ ತೀರ್ಮಾನಿಸಿತು. 1933ರ ಕಾದಂಬರಿ ಎತ್ತಿದ ಪ್ರಶ್ನೆಗೆ 1970ರ ಕಾನೂನಿನಲ್ಲೂ ಪೂರ್ತಿ ಉತ್ತರವಿಲ್ಲ.

ಅರ್ಜಿದಾರನಾದ ಒಕ್ಕಲು

ಭೂನ್ಯಾಯಮಂಡಳಿಯೊಡನೆ ಒಂದು ನಿಜವಾದ ತಿರುವು ಬಂತು. ಗೇಣಿಯ ಹಕ್ಕಿನ ಪ್ರಶ್ನೆಯನ್ನು ನಿರ್ಣಯಿಸುವ ಅಧಿಕಾರ ಸಿವಿಲ್ ಕೋರ್ಟಿನ ಕೈತಪ್ಪಿ ಮಂಡಳಿಗೆ ಹೋಯಿತು. ಸಿವಿಲ್ ದಾವೆಯ ನಡುವೆ ಅಂಥ ಪ್ರಶ್ನೆ ಎದ್ದರೆ ಅದನ್ನು ಮಂಡಳಿಗೇ ಕಳುಹಿಸಬೇಕೆಂಬ ನಿಯಮವಾಯಿತು. ಗಡಿಯ ಆಚೆ ಕರ್ನಾಟಕದಲ್ಲಿ 1974ರ ತಿದ್ದುಪಡಿ ಇದೇ ದಾರಿಯಲ್ಲಿ ನಡೆದು, ಆರಂಭದಲ್ಲಿ ಮಂಡಳಿಯೆದುರು ವಕೀಲರು ಹಾಜರಾಗುವುದನ್ನೇ ನಿಷೇಧಿಸಿತ್ತು. ದಕ್ಷಿಣ ಕನ್ನಡದ ಮಾತಿನಲ್ಲಿ ಅದು ಡಿಕ್ಲರೇಷನ್ನಿನ ಕಾಲ. ಒಕ್ಕಲು ಮೊದಲ ಬಾರಿಗೆ ಅರ್ಜಿದಾರನಾದ, ಧಣಿ ಎದುರುದಾರನಾದ. ಈಗ ಕಾಗದ ಹುಡುಕುವ, ಸಾಕ್ಷಿ ತರುವ, ಇವನು ಒಕ್ಕಲಲ್ಲ, ಕೂಲಿಯಾಳು ಎಂದು ಸಾಧಿಸುವ ಹೊರೆ ಧಣಿಯ ಮೇಲೆ ಬಿತ್ತು. ತಲೆಮಾರುಗಳಿಂದ ಒಟ್ಟಿಗೆ ಬಾಳಿದವರು ಮಂಡಳಿಯ ಬೆಂಚಿನ ಎರಡು ತುದಿಗಳಲ್ಲಿ ಕುಳಿತರು. ಕಾದಂಬರಿಗೆ ಇದಕ್ಕಿಂತ ಒಳ್ಳೆಯ ದೃಶ್ಯ ಬೇಕೆ?

ಈ ದೃಶ್ಯದ ಸಾಮಗ್ರಿ ಇನ್ನೂ ಪೂರ್ತಿಯಾಗಿ ನಶಿಸಿಲ್ಲ. ಹಳೆಯ ಮನೆಗಳ ಅಟ್ಟಗಳಲ್ಲಿ, ವಕೀಲರ ಕಚೇರಿಗಳ ಕಪಾಟುಗಳಲ್ಲಿ ಕನ್ನಡದ ಗೇಣಿ ಚೀಟಿಗಳು, ಕಡತದ ಪ್ರತಿಗಳು, ನೋಟೀಸುಗಳು ಉಳಿದಿವೆ. ಭೂದಾಖಲೆಗಳ ಇಂದಿನ ಭಾಷೆ ಮಲಯಾಳವಾದುದರಿಂದ ಅವುಗಳನ್ನು ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. 1969ರ ಕೇರಳದ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕನ್ನು ಒತ್ತಾಯಿಸುವಾಗ ಈ ಚೀಟಿಗಳ ಪಾಠವನ್ನು ಮರೆಯದಿರುವುದು ಒಳ್ಳೆಯದು. ಓದಲಾರದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದೆಂದರೇನೆಂಬುದನ್ನು ಇಂದು ಮಲಯಾಳದ ನಮೂನೆಯೆದುರು ಕುಳಿತ ಕನ್ನಡಿಗ ಅರಿಯುತ್ತಾನೆ. ಅದೇ ಅನುಭವವನ್ನು ಕನ್ನಡದ ಚೀಟಿಯೆದುರು ಕುಳಿತ ಮಲಯಾಳಿ ಮತ್ತು ತುಳು ಒಕ್ಕಲು ನೂರು ವರ್ಷಗಳ ಹಿಂದೆ ಅರಿತಿದ್ದ. ಕನ್ನಡದ ಬೇಡಿಕೆಗೆ ನೈತಿಕ ಬಲ ಬರುವುದು ಈ ಎರಡನ್ನೂ ಒಂದೇ ನೋವೆಂದು ಒಪ್ಪಿಕೊಂಡಾಗ.

ಕಾರಂತರು ಕಾಗದವೇ ಇಲ್ಲದವನ ಕಥೆಯನ್ನು ಬರೆದರು, ನಿರಂಜನರು ಕಟಕಟೆ ಹತ್ತಿದವನ ಕಥೆಯನ್ನು ಬರೆದರು. ತೀರ್ಪುಗಳು ಧಣಿಯ ಕಥೆಯನ್ನು ಮೊದಲು ವಿವರವಾಗಿ, ಆಮೇಲೆ ತತ್ತ್ವವಾಗಿ ಬರೆದವು. ಅರ್ಜಿ ಹಿಡಿದು ಮಂಡಳಿಯ ಬಾಗಿಲಲ್ಲಿ ಕಾದವನ ಕಥೆ ಇನ್ನು ಮುಂದೆ ಬರಬೇಕು. ಅದನ್ನು ಬರೆಯುವವರಿಗೆ ಅಟ್ಟದ ಮೇಲಿನ ಚೀಟಿಗಳು ಬೇಕಾಗುತ್ತವೆ. ಗೆದ್ದಲು ಹಿಡಿಯುವ ಮೊದಲು ಅವುಗಳನ್ನು ಕೆಳಗಿಳಿಸಿ ಓದುವ ಕೆಲಸ ಆಗಬೇಕಾಗಿದೆ.